ಮಿಕ್ಸಿ ಕೆಟ್ಟರೆ ಎಸೆಯಬೇಡಿ: ಮುಂಬೈನಲ್ಲಿ ಬಿಡಿಭಾಗ ಕಡಿಮೆ ಬೆಲೆಗೆ ಸಿಗೋದೆಲ್ಲಿ? ಮೋಸ ಹೋಗದೆ ಕೊಳ್ಳೋದು ಹೇಗೆ?

ಮುಂಬೈ: ಮಿಕ್ಸಿಯ ಗುಂಡಿ ತಿರುಗಿಸಿದರೆ ಮೋಟಾರ್ ಸದ್ದು ಕೇಳುತ್ತದೆ, ಜಾರ್‌ನೊಳಗಿನ ಬ್ಲೇಡ್ ಮಾತ್ರ ಅಲ್ಲಾಡುವುದಿಲ್ಲ. ಫ್ಯಾನ್ ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತದೆ, ಕೋಲಿನಿಂದ ತಳ್ಳಿದ ಮೇಲಷ್ಟೇ ತಿರುಗುತ್ತದೆ. ಕುಕ್ಕರ್ ವಿಷಲ್ ಹಾಕುವ ಬದಲು ಮುಚ್ಚಳದ ಸುತ್ತ ಹಬೆ ಬಿಡುತ್ತದೆ. ಈ ಮೂರೂ ಪ್ರಕರಣಗಳಲ್ಲಿ ಕೆಟ್ಟಿರುವುದು ಹೆಚ್ಚಾಗಿ ಒಂದೊಂದು ಸಣ್ಣ ಭಾಗ. ಮಿಕ್ಸಿಗೆ ಕಪ್ಲರ್, ಫ್ಯಾನ್‌ಗೆ ಕೆಪಾಸಿಟರ್, ಕುಕ್ಕರ್‌ಗೆ ಗ್ಯಾಸ್ಕೆಟ್. ಬೆಲೆ ನೂರು ರೂಪಾಯಿಯ ಆಸುಪಾಸು.

ಆದರೆ ಆ ನೂರು ರೂಪಾಯಿಯ ಭಾಗ ಹುಡುಕುವುದೇ ದೊಡ್ಡ ಕೆಲಸ. ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದರೆ ಮೊದಲು ವಿಸಿಟಿಂಗ್ ಚಾರ್ಜ್, ಆಮೇಲೆ 'ಈ ಮಾಡೆಲ್ ನಿಂತುಹೋಗಿದೆ' ಎಂಬ ಉತ್ತರ, ಕೊನೆಗೆ ಎಕ್ಸ್‌ಚೇಂಜ್ ಆಫರ್. ಹೊಸದು ಕೊಳ್ಳುವ ಶಕ್ತಿ ಇದ್ದವರಿಗೆ ಇದು ಕಿರಿಕಿರಿ ಅಷ್ಟೇ. ವಿರಾರ್‌ನಲ್ಲೋ ಡೊಂಬಿವಿಲಿಯಲ್ಲೋ ಮನೆಯಿಂದಲೇ ಟಿಫಿನ್ ಮಾಡಿ ಕೊಡುವ ಮಹಿಳೆಗೆ ಮಿಕ್ಸಿ ನಿಂತರೆ ಅಂದಿನ ಸಂಪಾದನೆಯೇ ನಿಲ್ಲುತ್ತದೆ. ಮೇಲಾಗಿ, ಗೃಹಬಳಕೆಯ ಮಿಕ್ಸಿಯನ್ನು ವ್ಯಾಪಾರಕ್ಕೆ ಬಳಸಿದರೆ ಹೆಚ್ಚಿನ ಕಂಪನಿಗಳ ವಾರಂಟಿ ಅನ್ವಯಿಸುವುದಿಲ್ಲ. ಅಂಥವರಿಗೆ ಮಾರುಕಟ್ಟೆಯ ಬಿಡಿಭಾಗವೇ ದಿಕ್ಕು.

ಒಳ್ಳೆಯ ಸುದ್ದಿ ಏನೆಂದರೆ, ಬಿಡಿಭಾಗ ಹುಡುಕಲು ದೇಶದಲ್ಲಿ ಮುಂಬೈಯಷ್ಟು ಅನುಕೂಲದ ಊರು ಕಡಿಮೆ. ಎಲ್ಲಿಗೆ ಹೋಗಬೇಕು, ಏನು ಒಯ್ಯಬೇಕು, ಎಲ್ಲಿ ಎಚ್ಚರ ಬೇಕು ಎಂಬ ವಿವರ ಇಲ್ಲಿದೆ.

ಬಿಡಿಭಾಗ ಸಿಗದ ಊರಲ್ಲೇ ಹುಟ್ಟಿದ ಮಿಕ್ಸಿ

ಈ ಸಮಸ್ಯೆ ಇಂದಿನದಲ್ಲ. ಭಾರತದ ಮನೆಮಾತಾದ 'ಸುಮೀತ್' ಮಿಕ್ಸಿ ಹುಟ್ಟಿದ್ದೇ ರಿಪೇರಿಯಾಗದ ಒಂದು ಯಂತ್ರದಿಂದ. 1960ರ ದಶಕದ ಆರಂಭದಲ್ಲಿ ಮುಂಬೈನ ಮಾಧುರಿ ಮಾಥುರ್ ಅವರ ಬಳಿಯಿದ್ದ ಜರ್ಮನಿಯ ಬ್ರಾನ್ ಮಿಕ್ಸರ್ ಕೆಟ್ಟುಹೋಯಿತು. ಅದನ್ನು ಇಲ್ಲಿ ಸರಿಪಡಿಸುವವರಿರಲಿಲ್ಲ. ಯುರೋಪಿನ ಅಡುಗೆಗೆಂದು ಮಾಡಿದ ಆ ಮೋಟಾರ್ ನಮ್ಮ ಅಕ್ಕಿ, ಉದ್ದು, ಒಣಮಸಾಲೆಗಳ ಭಾರಕ್ಕೆ ತಕ್ಕದ್ದೂ ಆಗಿರಲಿಲ್ಲ. ಸೀಮೆನ್ಸ್‌ನಲ್ಲಿ ಎಂಜಿನಿಯರ್ ಆಗಿದ್ದ ಪತಿ ಸತ್ಯಪ್ರಕಾಶ್ ಮಾಥುರ್ ಭಾರತೀಯ ಅಡುಗೆಗೆ ಒಗ್ಗುವ ಮೋಟಾರ್ ರೂಪಿಸಲು ಹೊರಟರು. 1963ರಲ್ಲಿ ಕಂಪನಿ ಶುರುವಾಯಿತು. ಮುಂದಿನ ಎರಡು ಮೂರು ದಶಕ 'ಸುಮೀತ್' ಎಂದರೆ ಮಿಕ್ಸಿ, ಮಿಕ್ಸಿ ಎಂದರೆ 'ಸುಮೀತ್' ಎನ್ನುವಂತಾಯಿತು.

ಕಾಲಕ್ರಮೇಣ ಆ ಬ್ರ್ಯಾಂಡ್‌ನ ಅಬ್ಬರ ಇಳಿಯಿತು. ಆದರೂ ಹಳೆಯ ಯಂತ್ರಗಳು ಅನೇಕ ಮನೆಗಳಲ್ಲಿ ಉಳಿದವು. ಅವುಗಳನ್ನು ಉಳಿಸಿದ್ದು ಗಲ್ಲಿಯ ರಿಪೇರಿ ಅಂಗಡಿ ಮತ್ತು ಸಗಟು ಪೇಟೆಯ ಬಿಡಿಭಾಗಗಳು. ಯಂತ್ರದ ಆಯುಷ್ಯ ಕಂಪನಿಯೊಂದರ ಕೈಯಲ್ಲಷ್ಟೇ ಇಲ್ಲ, ಪೇಟೆಯ ಕೈಯಲ್ಲೂ ಇದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಅಂಗಡಿಗೆ ಹೋಗುವ ಮುನ್ನ ಇಷ್ಟು ನೋಡಿ

ಕೆಟ್ಟಿದೆ ಎಂದುಕೊಂಡ ಯಂತ್ರ ಎಷ್ಟೋ ಸಲ ಕೆಟ್ಟೇ ಇರುವುದಿಲ್ಲ.

* ಮಿಕ್ಸಿ ಇದ್ದಕ್ಕಿದ್ದಂತೆ ನಿಂತರೆ ತಳಭಾಗ ನೋಡಿ. ಹೆಚ್ಚಿನ ಮಿಕ್ಸಿಗಳಲ್ಲಿ ಅಲ್ಲೊಂದು ಸಣ್ಣ ಕೆಂಪು ಬಟನ್ ಇರುತ್ತದೆ. ಭಾರ ಹೆಚ್ಚಾದಾಗ ಮೋಟಾರ್ ಸುಡದಂತೆ ಇದು ವಿದ್ಯುತ್ ಕಡಿತ ಮಾಡುತ್ತದೆ. ಪ್ಲಗ್ ತೆಗೆದು, ಹತ್ತು ನಿಮಿಷ ಬಿಟ್ಟು ಒತ್ತಿದರೆ ಸಾಕು.
* ಬೇರೆ ಪ್ಲಗ್‌ನಲ್ಲಿ ಹಾಕಿ ನೋಡಿ. ತಪ್ಪು ಗೋಡೆಯ ಸಾಕೆಟ್‌ನದೂ ಆಗಿರಬಹುದು.
* ಇಸ್ತ್ರಿ ಪೆಟ್ಟಿಗೆ ಬಿಸಿಯಾಗದಿದ್ದರೆ ಮೊದಲ ಅನುಮಾನ ವೈರ್ ಮೇಲಿರಲಿ. ಪೆಟ್ಟಿಗೆಗೆ ಸೇರುವ ಜಾಗದಲ್ಲಿ ಬಗ್ಗಿ ಬಗ್ಗಿ ಒಳಗೇ ತುಂಡಾಗುವುದು ಸಾಮಾನ್ಯ.
* ಮೋಟಾರ್ ತಿರುಗಿ ಬ್ಲೇಡ್ ತಿರುಗದಿದ್ದರೆ ಕಪ್ಲರ್ ಸವೆದಿದೆ. ಕಿಡಿ, ಸುಟ್ಟ ವಾಸನೆಯೊಂದಿಗೆ ವೇಗ ಕಡಿಮೆಯಾದರೆ ಕಾರ್ಬನ್ ಬ್ರಷ್ ಸವೆದಿರಬಹುದು. ಜಾರ್ ತಳದಿಂದ ನೀರು ಸೋರಿದರೆ ಬುಷ್ ಅಥವಾ ವಾಷರ್ ಹೋಗಿದೆ.

ಇಷ್ಟು ತಿಳಿದಿದ್ದರೆ 'ಮೋಟಾರ್ ಹೋಗಿದೆ, ಎರಡು ಸಾವಿರ ಆಗುತ್ತೆ' ಎನ್ನುವವರ ಮುಂದೆ ಪ್ರಶ್ನೆ ಕೇಳುವ ಧೈರ್ಯ ಬರುತ್ತದೆ.

ಎಲ್ಲಿ ಏನು ಸಿಗುತ್ತದೆ?

*ಮನೆ ಹತ್ತಿರದ ಅಂಗಡಿ:* ಮೊದಲ ನಿಲ್ದಾಣ ಇದೇ ಆಗಿರಲಿ. ಥಾಣೆ, ಕಲ್ಯಾಣ್, ಬೋರಿವಿಲಿ, ಮುಲುಂಡ್ ಹೀಗೆ ಉಪನಗರಗಳ ರೈಲು ನಿಲ್ದಾಣದ ಆಚೀಚೆ ಮಿಕ್ಸರ್, ಕುಕ್ಕರ್, ಗ್ಯಾಸ್ ಒಲೆ ರಿಪೇರಿ ಎಂಬ ಬೋರ್ಡ್ ಇರುವ ಅಂಗಡಿಗಳಿವೆ. ಕಪ್ಲರ್, ಗ್ಯಾಸ್ಕೆಟ್, ವಿಷಲ್, ಕೆಪಾಸಿಟರ್‌ನಂಥ ದಿನಬಳಕೆಯ ಭಾಗಗಳು ಇಲ್ಲೇ ಸಿಗುತ್ತವೆ. ಸಗಟು ಪೇಟೆಗಿಂತ ಹತ್ತಿಪ್ಪತ್ತು ರೂಪಾಯಿ ಹೆಚ್ಚಾದರೂ ಹೋಗಿ ಬರುವ ಅರ್ಧ ದಿನ ಉಳಿಯುತ್ತದೆ, ಹೊಂದದಿದ್ದರೆ ಬದಲಿಸಿಕೊಳ್ಳುವುದೂ ಸುಲಭ.

*ಲೋಹಾರ್ ಚಾಳ್:* ಕ್ರಾಫರ್ಡ್ ಮಾರ್ಕೆಟ್, ಅಂದರೆ ಈಗಿನ ಮಹಾತ್ಮ ಜ್ಯೋತಿಬಾ ಫುಲೆ ಮಂಡಿಯ ಬಳಿ ಇರುವ ಲೋಹಾರ್ ಚಾಳ್ ನಗರದ ಹಳೆಯ ವಿದ್ಯುತ್ ಉಪಕರಣಗಳ ಸಗಟು ಪೇಟೆ. ಹೆಸರಿನಲ್ಲಿ ಕಮ್ಮಾರರಿದ್ದರೂ ಇಂದು ಇಲ್ಲಿ ಸಿಗುವುದು ವೈರ್, ಸ್ವಿಚ್, ಫ್ಯಾನ್, ದೀಪ, ಹೀಟರ್ ಕಾಯಿಲ್, ಥರ್ಮೋಸ್ಟಾಟ್‌ಗಳು. ಹತ್ತಿರದ ಅಂಗಡಿಯಲ್ಲಿ ಸಿಗದ್ದಕ್ಕೆ, ಅಥವಾ ನಾಲ್ಕೈದು ಭಾಗ ಒಟ್ಟಿಗೆ ಬೇಕಾದಾಗ ಇಲ್ಲಿಗೆ ಬರುವುದು ಲಾಭ. ಸಿಎಸ್‌ಎಂಟಿ, ಮಸ್ಜಿದ್ ಮತ್ತು ಮರೀನ್ ಲೈನ್ಸ್ ನಿಲ್ದಾಣಗಳಿಂದ ನಡೆದು ಹೋಗಬಹುದು. 2025ರ ಅಕ್ಟೋಬರ್‌ನಲ್ಲಿ ಮೆಟ್ರೋ 3 ಮಾರ್ಗ ಪೂರ್ತಿಯಾಗಿ ತೆರೆದ ಮೇಲೆ ಕಾಲ್ಬಾದೇವಿ ನಿಲ್ದಾಣವೂ ಹತ್ತಿರ. ಕೆಲವು ಅಂಗಡಿಗಳು ಡಜನ್ ಲೆಕ್ಕದಲ್ಲಷ್ಟೇ ಕೊಡುತ್ತವೆ, ಆದ್ದರಿಂದ ಬಿಡಿಯಾಗಿ ಕೊಡುತ್ತೀರಾ ಎಂದು ಮೊದಲೇ ಕೇಳಿ.

*ಲ್ಯಾಮಿಂಗ್ಟನ್ ರಸ್ತೆ:* ಗ್ರಾಂಟ್ ರೋಡ್ ನಿಲ್ದಾಣದ ಪೂರ್ವಕ್ಕಿರುವ ಈ ರಸ್ತೆಯ ಅಧಿಕೃತ ಹೆಸರು ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ. ರೆಸಿಸ್ಟರ್, ಫ್ಯೂಸ್, ಅಡಾಪ್ಟರ್, ರಿಮೋಟ್, ಸರ್ಕ್ಯೂಟ್ ಬೋರ್ಡ್‌ನ ಬಿಡಿಭಾಗ ಇಲ್ಲಿನ ವಿಶೇಷ. ಇಂಡಕ್ಷನ್ ಒಲೆ, ಬಿಎಲ್‌ಡಿಸಿ ಫ್ಯಾನ್, ನೀರಿನ ಶುದ್ಧೀಕರಣ ಯಂತ್ರದ ಪವರ್ ಸಪ್ಲೈಗೆ ಸಂಬಂಧಿಸಿದ ಕೆಲಸಕ್ಕೆ ಇದೇ ಸರಿಯಾದ ಜಾಗ. ಬೆಂಗಳೂರಿನ ಎಸ್‌.ಪಿ. ರಸ್ತೆ ಕಂಡವರಿಗೆ ಇಲ್ಲಿನ ವಾತಾವರಣ ಹೊಸದೆನಿಸದು.

*ಚೋರ್ ಬಜಾರ್ ಮತ್ತು ಕುರ್ಲಾ ಗುಜರಿ:* ಕಂಪನಿಯೇ ಮರೆತ ಹಳೆಯ ಮಾಡೆಲ್‌ಗೆ ಹೊಸ ಭಾಗ ಎಲ್ಲೂ ಸಿಗದಿದ್ದಾಗ ಭೇಂಡಿ ಬಜಾರ್ ಬಳಿಯ ಚೋರ್ ಬಜಾರ್ ಅಥವಾ ಕುರ್ಲಾದ ಗುಜರಿ ಅಂಗಡಿಗಳು ಕೊನೆಯ ಆಸರೆ. ಮಿಕ್ಸಿಯ ಹೊರಕವಚ, ನಾಬ್, ಹಿಡಿಕೆ, ಮುಚ್ಚಳದಂಥ ಭಾಗಗಳಿಗೆ ಅಡ್ಡಿಯಿಲ್ಲ. ಆದರೆ ವಿದ್ಯುತ್ ಹರಿಯುವ ಅಥವಾ ಒತ್ತಡ ತಡೆಯುವ ಯಾವ ಭಾಗವನ್ನೂ ಬಳಸಿದ್ದು ಕೊಳ್ಳಬೇಡಿ.

*ಆನ್‌ಲೈನ್:* ಬೆಲೆ ತಿಳಿಯಲು ಮೊದಲು ಇಲ್ಲಿ ನೋಡುವುದು ಒಳ್ಳೆಯದು. ಆದರೆ 'ಎಲ್ಲ ಮಿಕ್ಸಿಗೂ ಹೊಂದುತ್ತದೆ' ಎಂಬ ಬರಹ ನಂಬಬೇಡಿ. 50 ರೂಪಾಯಿ ಭಾಗಕ್ಕೆ 60 ರೂಪಾಯಿ ಡೆಲಿವರಿ ಶುಲ್ಕ ಸೇರಿದರೆ ಅಗ್ಗವೆಂಬುದು ಹೆಸರಿಗಷ್ಟೇ.

ದಕ್ಷಿಣ ಮುಂಬೈನ ಸಗಟು ಪೇಟೆಗಳಲ್ಲಿ ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ವಾರದ ದಿನ ಮಧ್ಯಾಹ್ನಕ್ಕೆ ಮುನ್ನ ಹೋದರೆ ಜನದಟ್ಟಣೆ ಕಡಿಮೆ.

ಹಳೆಯ ಭಾಗ ಕೈಯಲ್ಲಿರಲಿ

ಪೇಟೆಯಲ್ಲಿ ಕೇಳುವ ಮೊದಲ ಪ್ರಶ್ನೆ 'ಸ್ಯಾಂಪಲ್ ಲಾಯಾ ಹೈ ಕ್ಯಾ?' ಎಂಬುದು. ಬ್ರ್ಯಾಂಡ್ ಹೆಸರು ಹೇಳಿದರೆ ಸಾಲದು. ಒಂದೇ ಕಂಪನಿಯ ಎರಡು ಮಾಡೆಲ್‌ಗೆ ಎರಡು ಬಗೆಯ ಕಪ್ಲರ್ ಇರಬಹುದು. ಹಾಗಾಗಿ ಸವೆದ ಭಾಗವನ್ನೇ ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಗಿ.

ಜೊತೆಗೆ ಯಂತ್ರದ ತಳದಲ್ಲಿ ಅಂಟಿಸಿರುವ ಚೀಟಿಯ ಫೋಟೊ ತೆಗೆದುಕೊಳ್ಳಿ. ಮಾಡೆಲ್ ಸಂಖ್ಯೆ, ವ್ಯಾಟ್, ವೋಲ್ಟ್ ಅದರಲ್ಲಿರುತ್ತವೆ. ಭಾಗ ಬಿಚ್ಚಲು ಆಗದಿದ್ದರೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ.

ಮಿಕ್ಸಿ ಕಪ್ಲರ್ ಬಿಚ್ಚುವಾಗ ಒಂದು ಮಾತು ನೆನಪಿರಲಿ. ಅನೇಕ ಮಿಕ್ಸಿಗಳಲ್ಲಿ ಅದರ ಮರೆ ಉಲ್ಟಾ ಇರುತ್ತದೆ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಇದು ತಿಳಿಯದೆ ಬಲ ಹಾಕಿ ಮೋಟಾರ್ ಶಾಫ್ಟ್ ಹಾಳು ಮಾಡಿಕೊಳ್ಳುವವರಿದ್ದಾರೆ.

ಪೇಟೆಯ ಮಾತು ಸ್ವಲ್ಪ ತಿಳಿದಿರಲಿ. ಕುಕ್ಕರ್ ವಿಷಲ್‌ಗೆ ಇಲ್ಲಿ 'ಸೀಟಿ', ಗ್ಯಾಸ್ಕೆಟ್‌ಗೆ 'ರಿಂಗ್' ಅಥವಾ 'ರಬ್ಬರ್', ಗ್ರೈಂಡರ್ ಬೆಲ್ಟ್‌ಗೆ 'ಪಟ್ಟಾ' ಎನ್ನುತ್ತಾರೆ.

ಯಾವುದಕ್ಕೆ ಏನು ಹೊಂದಬೇಕು?

* ಫ್ಯಾನ್ ಕೆಪಾಸಿಟರ್: ಹಳೆಯದರ ಮೇಲೆ ಬರೆದ ಮೈಕ್ರೋಫ್ಯಾರಡ್ ಸಂಖ್ಯೆಯೇ ಇರಬೇಕು. ಮನೆಯ ಸೀಲಿಂಗ್ ಫ್ಯಾನ್‌ಗಳಲ್ಲಿ 2.5 ಅಥವಾ 3.15 ಸಾಮಾನ್ಯ. ವೇಗ ಹೆಚ್ಚಲಿ ಎಂದು ದೊಡ್ಡದು ಹಾಕಿದರೆ ಫ್ಯಾನ್ ಬಿಸಿಯಾಗಿ ವೈಂಡಿಂಗ್ ಹಾಳಾಗಬಹುದು. ವೋಲ್ಟ್ ಹಳೆಯದಕ್ಕಿಂತ ಕಡಿಮೆ ಇರಬಾರದು.
* ಕುಕ್ಕರ್ ಗ್ಯಾಸ್ಕೆಟ್: ಎಷ್ಟು ಲೀಟರ್ ಎಂಬುದಷ್ಟೇ ಸಾಲದು. ಮುಚ್ಚಳ ಒಳಗೆ ಕೂರುವುದೋ ಹೊರಗೆ ಕೂರುವುದೋ, ಯಾವ ಕಂಪನಿಯದು ಎಂಬುದೂ ಮುಖ್ಯ.
* ಅಡಾಪ್ಟರ್: ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬಹುದು. ಪ್ಲಸ್, ಮೈನಸ್ ಗುರುತು ಹೊಂದಬೇಕು.
* ಗ್ರೈಂಡರ್ ಬೆಲ್ಟ್: ಹಳೆಯ ಬೆಲ್ಟ್ ಮೇಲಿರುವ ಸಂಖ್ಯೆ ಬರೆದುಕೊಳ್ಳಿ. ಮುಂಬೈ ಕನ್ನಡಿಗರ ಅಡುಗೆಮನೆಗಳ ದೋಸೆ ಹಿಟ್ಟಿನ ಗ್ರೈಂಡರ್ ಬಹುಪಾಲು ಕೊಯಮತ್ತೂರಿನದು. ಊರು ದೂರವಾದರೂ ಬೆಲ್ಟ್ ಸಂಖ್ಯೆ ತಿಳಿದಿದ್ದರೆ ಇಲ್ಲೇ ಸಿಗುತ್ತದೆ.
* ಇಸ್ತ್ರಿ ಪೆಟ್ಟಿಗೆ ವೈರ್: ಶಾಖ ತಡೆಯುವ, ನೂಲಿನ ಹೊದಿಕೆಯ ಮೂರು ತಂತಿಯ ವೈರ್ ಬೇಕು. ಸಾಮಾನ್ಯ ಪ್ಲಾಸ್ಟಿಕ್ ವೈರ್ ಬಿಸಿ ತಗುಲಿ ಕರಗುತ್ತದೆ.
* ಆರ್‌ಒ ಮೆಂಬ್ರೇನ್: ಅನೇಕ ಯಂತ್ರಗಳಲ್ಲಿ '1812' ಎಂಬ ಒಂದೇ ಅಳತೆ ಬಳಕೆಯಲ್ಲಿದೆ. ಅಂಥದ್ದಾದರೆ ಬೇರೆ ಕಂಪನಿಯದೂ ಹೊಂದುತ್ತದೆ. ವಾರಂಟಿ ಅವಧಿ ಮುಗಿದಿದೆಯೇ ಎಂದು ಮಾತ್ರ ಮೊದಲು ನೋಡಿಕೊಳ್ಳಿ.

ಇಲ್ಲಿ ಮಾತ್ರ ಉಳಿತಾಯ ಬೇಡ

ಅಗ್ಗದ ಭಾಗ ಕೆಲಸ ಮಾಡದಿದ್ದರೆ ಹೋಗುವುದು ಹಣ. ಕೆಲವು ಕಡೆ ಹೋಗುವುದು ಜೀವ.

ಪ್ರೆಶರ್ ಕುಕ್ಕರ್‌ನ ಸೇಫ್ಟಿ ವಾಲ್ವ್ ವಿಷಯದಲ್ಲಿ ಚೌಕಾಸಿ ಬೇಡ. ವಿಷಲ್ ಕಟ್ಟಿಕೊಂಡು ಒಳಗೆ ಒತ್ತಡ ಏರಿದಾಗ ಕರಗಿ ಹಬೆ ಹೊರಬಿಡಲೆಂದೇ ಆ ಸಣ್ಣ ಲೋಹದ ಭಾಗವಿದೆ. ತಪ್ಪು ಲೋಹದ್ದಾದರೆ ಕರಗಬೇಕಾದ ಹೊತ್ತಿಗೆ ಕರಗುವುದಿಲ್ಲ. ಮನೆಬಳಕೆಯ ಪ್ರೆಶರ್ ಕುಕ್ಕರ್‌ಗೆ ಐಎಸ್‌ಐ ಗುರುತು ಕಡ್ಡಾಯ. ಸುರಕ್ಷತಾ ಭಾಗಗಳನ್ನು ಆಯಾ ಕಂಪನಿಯ ಮಾರಾಟಗಾರರಿಂದಲೇ ಕೊಳ್ಳಿ.

ಗ್ಯಾಸ್ ಒಲೆಯ ಪೈಪ್‌ಗೂ ಇದೇ ಮಾತು. ಐಎಸ್‌ಐ ಗುರುತಿನ ಸುರಕ್ಷಾ ಪೈಪನ್ನೇ ಬಳಸಿ, ಐದು ವರ್ಷಕ್ಕೊಮ್ಮೆ ಬದಲಿಸಿ.

ನೀರು ಕಾಯಿಸುವ ಇಮ್ಮರ್ಶನ್ ರಾಡ್ ಕೆಟ್ಟರೆ ರಿಪೇರಿ ಬೇಡ, ಹೊಸದೇ ತನ್ನಿ. ಇಂಡಕ್ಷನ್ ಒಲೆಯ ಗಾಜು ಬಿರುಕು ಬಿಟ್ಟಿದ್ದರೆ ಗಾಜು ಬದಲಿಸುವವರೆಗೆ ಬಳಸಬೇಡಿ, ಬಿರುಕಿನಿಂದ ನೀರು ಒಳಗಿಳಿದು ಶಾಕ್ ಹೊಡೆಯುವ ಅಪಾಯವಿದೆ. ಮೂರು ಪಿನ್‌ನ ಪ್ಲಗ್ ಕಿತ್ತು ಎರಡು ಪಿನ್‌ನದು ಹಾಕುವ ಅಭ್ಯಾಸ ಇದ್ದರೆ ಇಂದೇ ಬಿಡಿ. ಆ ಮೂರನೆಯ ಪಿನ್ ಇರುವುದೇ ಶಾಕ್ ತಪ್ಪಿಸಲು.

ಅಸಲಿಯೋ ನಕಲಿಯೋ?

ಪೇಟೆಯಲ್ಲಿ ಮೂರು ಬಗೆಯ ಮಾಲು ಇರುತ್ತದೆ. ಕಂಪನಿಯದೇ ಭಾಗ, ಬೇರೆ ತಯಾರಕರು ತಮ್ಮದೇ ಹೆಸರಲ್ಲಿ ಮಾಡುವ ಹೊಂದಿಕೆಯ ಭಾಗ, ಮತ್ತು ಕಂಪನಿಯ ಹೆಸರನ್ನು ಕದ್ದ ನಕಲಿ. ಎರಡನೆಯದು ಕಾನೂನುಬದ್ಧ, ಎಷ್ಟೋ ಸಲ ಗುಣಮಟ್ಟವೂ ಚೆನ್ನಾಗಿರುತ್ತದೆ, ಬೆಲೆಯೂ ಕಡಿಮೆ. ಬಿಡಬೇಕಾದ್ದು ಮೂರನೆಯದನ್ನು.

ಪ್ಯಾಕೆಟ್ ಮೇಲೆ ತಯಾರಕರ ಹೆಸರು, ವಿಳಾಸ, ಎಂಆರ್‌ಪಿ, ಗ್ರಾಹಕ ಸೇವಾ ಸಂಖ್ಯೆ ಇದೆಯೇ ನೋಡಿ. ಪ್ಯಾಕ್ ಮಾಡಿದ ವಸ್ತುಗಳಿಗೆ ಇವು ಕಡ್ಡಾಯ. ಐಎಸ್‌ಐ ಗುರುತಿದ್ದರೆ ಅದರ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಭಾರತೀಯ ಮಾನಕ ಬ್ಯೂರೋದ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಪರವಾನಗಿ ಯಾರದು, ಚಾಲ್ತಿಯಲ್ಲಿದೆಯೇ ಎಂಬುದು ಅಂಗಡಿಯಲ್ಲಿ ನಿಂತಲ್ಲೇ ತಿಳಿಯುತ್ತದೆ.

'ಮಾಲು ವಾಪಸ್ ಇಲ್ಲ' ಅಂದರೆ?

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ವಸ್ತುವನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸ್ ಪಡೆಯಲು ಒಪ್ಪದಿರುವುದೂ ಅಷ್ಟೇ. ಗಮನಿಸಿ, ಇದು ದೋಷವಿರುವ ಮಾಲಿಗೆ. ನೀವೇ ತಪ್ಪು ಅಳತೆ ಹೇಳಿ ಕೊಂಡಿದ್ದರೆ ಬದಲಿಸಿಕೊಡುವುದು ಅಂಗಡಿಯವರ ಸೌಜನ್ಯ. 40 ರೂಪಾಯಿಯ ಭಾಗವಾದರೂ ಸರಿ, ಬಿಲ್ ಕೇಳಿ.

ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ.

ಬಿಡಿಭಾಗವನ್ನೇ ಕಂಪನಿ ಕೊಡದಿದ್ದರೆ? ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ 'ರಿಪೇರಿಯ ಹಕ್ಕು' ಕುರಿತು ಸಮಿತಿ ರಚಿಸಿತು. ಅದೇ ವರ್ಷ ಡಿಸೆಂಬರ್ 24ರಂದು 'ರೈಟ್ ಟು ರಿಪೇರ್' ಪೋರ್ಟಲ್ ಶುರುವಾಯಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಈ ನಾಲ್ಕು ಕ್ಷೇತ್ರಗಳ ಕಂಪನಿಗಳ ಸರ್ವಿಸ್ ಸೆಂಟರ್, ವಾರಂಟಿ, ಬಿಡಿಭಾಗದ ಮಾಹಿತಿ ಒಂದೇ ಕಡೆ ಸಿಗಲಿ ಎಂಬುದು ಇದರ ಉದ್ದೇಶ. ಪೇಟೆಗೆ ಹೊರಡುವ ಮುನ್ನ ನಿಮ್ಮ ಕಂಪನಿ ಅಲ್ಲಿದೆಯೇ ನೋಡಿ. ಕಂಪನಿಯ ಬೆಲೆ ಗೊತ್ತಿದ್ದರೆ ಪೇಟೆಯಲ್ಲಿ ಚೌಕಾಸಿ ಸುಲಭ.

ವಸ್ತುವೊಂದನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಎಂದು ಅಂಕ ಕೊಡುವ ಸೂಚ್ಯಂಕದ ವರದಿಯೂ 2025ರ ಮೇನಲ್ಲಿ ಸರ್ಕಾರದ ಕೈಸೇರಿದೆ. ಆದರೆ ಮೊದಲ ಗಮನ ಸ್ಮಾರ್ಟ್‌ಫೋನ್ ಮತ್ತು ಟ್ಯಾಬ್ಲೆಟ್ ಮೇಲೆ. ಫ್ರಾನ್ಸ್‌ನಲ್ಲಿ ಇಂಥ ಅಂಕ 2021ರ ಜನವರಿಯಿಂದಲೇ ಕೆಲವು ವಸ್ತುಗಳಿಗೆ ಜಾರಿಯಲ್ಲಿದೆ. ಯುರೋಪ್ ಒಕ್ಕೂಟದಲ್ಲಿ ವಾಷಿಂಗ್ ಮಷೀನ್‌ನ ಮುಖ್ಯ ಬಿಡಿಭಾಗಗಳನ್ನು ಹತ್ತು ವರ್ಷ ಒದಗಿಸಲೇಬೇಕೆಂಬ ನಿಯಮವಿದೆ. ನಮ್ಮ ಮಿಕ್ಸಿ, ಫ್ಯಾನ್‌ಗೆ ಆ ರಕ್ಷಣೆ ಬರುವವರೆಗೆ ಲೋಹಾರ್ ಚಾಳ್‌ನಂಥ ಪೇಟೆಗಳೇ ಆ ಕೆಲಸ ಮಾಡಬೇಕು.

ರಿಪೇರಿಯೋ, ಹೊಸದೋ?

ಸರಳ ಲೆಕ್ಕ ಹೀಗಿದೆ. ಭಾಗ, ಕೂಲಿ, ಓಡಾಟ ಸೇರಿ ಹೊಸದರ ಬೆಲೆಯ ಮೂರನೇ ಒಂದರೊಳಗಿದ್ದರೆ ರಿಪೇರಿ ಮಾಡಿಸಿ. ಅರ್ಧ ದಾಟಿದರೆ ಯೋಚಿಸಿ. ಎರಡರ ನಡುವೆ ಇದ್ದರೆ ಯಂತ್ರದ ವಯಸ್ಸು ನೋಡಿ.

ಫ್ಯಾನ್ ವಿಷಯದಲ್ಲಿ ಇನ್ನೊಂದು ಲೆಕ್ಕವಿದೆ. ಕೆಪಾಸಿಟರ್ ಹೋಗಿದ್ದರೆ ಕಣ್ಣುಮುಚ್ಚಿ ಬದಲಿಸಿ. ಆದರೆ ವೈಂಡಿಂಗ್ ಸುಟ್ಟಿದ್ದರೆ ನಿಲ್ಲಿ. ಹಳೆಯ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಫ್ಯಾನ್‌ಗೆ 30 ವ್ಯಾಟ್ ಸಾಕು. ದಿನಕ್ಕೆ 12 ಗಂಟೆಯಂತೆ ವರ್ಷದಲ್ಲಿ 300 ದಿನ ತಿರುಗಿದರೆ ಉಳಿಯುವುದು 162 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಎಂದು ಹಿಡಿದರೂ ಸುಮಾರು 1,300 ರೂಪಾಯಿ. ಇದರ ಇನ್ನೊಂದು ಮುಖವನ್ನೂ ನೋಡಬೇಕು. ಬಿಎಲ್‌ಡಿಸಿ ಫ್ಯಾನ್‌ನಲ್ಲಿ ಕೆಡುವುದು ಹೆಚ್ಚಾಗಿ ಸರ್ಕ್ಯೂಟ್ ಬೋರ್ಡ್, ಅದು ಕಂಪನಿಗೊಂದು ಬಗೆ. ನೂರು ರೂಪಾಯಿಯ ಕೆಪಾಸಿಟರ್‌ನ ಸುಖ ಅಲ್ಲಿಲ್ಲ. ಆದ್ದರಿಂದ ಕೊಳ್ಳುವಾಗಲೇ ಬೋರ್ಡ್‌ಗೆ ಎಷ್ಟು ವರ್ಷದ ವಾರಂಟಿ, ಅದು ಮುಗಿದ ಮೇಲೆ ಬೆಲೆ ಎಷ್ಟು ಎಂದು ಕೇಳಿ, ಬಿಲ್ ಜೋಪಾನ ಮಾಡಿ.

ಎಸೆಯುವ ಮುನ್ನ

ವಿಶ್ವಸಂಸ್ಥೆಯ ಇ-ತ್ಯಾಜ್ಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ಅದರಲ್ಲಿ ಸರಿಯಾದ ಕ್ರಮದಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ 22.3 ಮಾತ್ರ. ಒಟ್ಟು ರಾಶಿಯ ಸುಮಾರು ಮೂರನೇ ಒಂದು ಭಾಗ ಇಂಥ ಸಣ್ಣ ಉಪಕರಣಗಳದ್ದೇ. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೂ ಹಾಕಿವೆ. ಯಂತ್ರ ನಿಜಕ್ಕೂ ಮುಗಿದಿದ್ದರೆ ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ.

ಅದಕ್ಕೂ ಮುನ್ನ ಜಾರ್, ಮುಚ್ಚಳ, ನಾಬ್, ಸ್ಕ್ರೂಗಳನ್ನು ಬಿಚ್ಚಿ ಒಂದು ಡಬ್ಬಿಯಲ್ಲಿಡಿ. ಅದೇ ಮಾಡೆಲ್‌ನ ಮಿಕ್ಸಿ ಮಹಡಿಯ ಇನ್ನೊಂದು ಮನೆಯಲ್ಲಿ ಇದ್ದರೂ ಇರಬಹುದು. ಬಿಲ್ಡಿಂಗ್‌ನ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಒಂದು ಮೆಸೇಜ್ ಹಾಕಿ ನೋಡಿ. ಪೇಟೆಯೆಲ್ಲ ಸುತ್ತಿದರೂ ಸಿಗದ ಮುಚ್ಚಳ ಪಕ್ಕದ ಮನೆಯಲ್ಲೇ ಸಿಕ್ಕಿದರೆ ಖರ್ಚು ಸೊನ್ನೆ.